ತಂಪಿಗೂ ಒಂದು ಹದ

ಕ್ರಿ. ಶ. 1833ರ ಮೇ ತಿಂಗಳಲ್ಲಿ ಅಮೆರಿಕದ ಬಾಸ್ಟನ್ ಬಂದರಿನಿಂದ ‘ಟಸ್ಕನಿ’ ಎಂಬ ಹಡಗು ಸುಮಾರು 180 ಟನ್ ಮಂಜುಗಡ್ಡೆಯನ್ನು ಹೇರಿಕೊಂಡು ಕಲಕತ್ತೆಗೆ ಹೊರಟಿತು. ನಾಲ್ಕು ತಿಂಗಳ ಪಯಣದಲ್ಲಿ ಅದು ಭೂಮಧ್ಯರೇಖೆಯನ್ನು ಎರಡು ಬಾರಿ ದಾಟಬೇಕಾಗಿತ್ತು. ಆದರೂ ಸೆಪ್ಟೆಂಬರಿನಲ್ಲಿ ಕಲಕತ್ತೆಯನ್ನು ಸೇರಿದಾಗ ಸುಮಾರು 100 ಟನ್ ಗಡ್ಡೆ ಕರಗದೆ ಉಳಿದಿತ್ತು. ಫ್ರೆಡರಿಕ್ ಟ್ಯೂಡರ್ ಎಂಬ ವರ್ತಕನ ಈ ವ್ಯಾಪಾರವು ಮುಂದೆ ಮುಂಬಯಿಗೂ ಹಬ್ಬಿತು. ಕೋಟೆ ಪ್ರದೇಶದ ಸೇಂಟ್ ಆಂಡ್ರೂಸ್ ಚರ್ಚಿನ ಬಳಿ ಮಂಜುಗಡ್ಡೆಯ ದಾಸ್ತಾನಿಗೆಂದೇ ಒಂದು ‘ಐಸ್ ಹೌಸ್’ ನಿರ್ಮಾಣವಾಯಿತು.

ಶೀತಯಂತ್ರಗಳಿಲ್ಲದ ಆ ಕಾಲದಲ್ಲಿ ಇದು ಸಾಧ್ಯವಾದುದು ಹೇಗೆ? ಗಡ್ಡೆಗಳನ್ನು ಒತ್ತೊತ್ತಾಗಿ ಜೋಡಿಸಿ, ಸುತ್ತಲೂ ಮರದ ಹೊಟ್ಟು, ಒಣಹುಲ್ಲು ಮೊದಲಾದವನ್ನು ತುಂಬುತ್ತಿದ್ದರು. ಅವುಗಳ ಸಂದುಗಳಲ್ಲಿ ಸಿಕ್ಕಿಕೊಂಡ ಗಾಳಿಯು ಹೊರಗಿನ ಶಾಖವನ್ನು ತಡೆಯುತ್ತದೆ. ಮೇಲಾಗಿ ಒಂದು ಗ್ರಾಂ ಮಂಜು ಕರಗಿ ನೀರಾಗಲು ಸುಮಾರು 80 ಕ್ಯಾಲೊರಿ ಶಾಖ ಬೇಕು. ಇಂದಿನ ಥರ್ಮೊಕೋಲ್ ಪೆಟ್ಟಿಗೆಯ ಗುಟ್ಟೂ ಇದೇ. ಕೊಲಾಬಾದ ಸಸೂನ್ ಡಾಕಿನಲ್ಲಿ ಮೀನನ್ನು ಪುಡಿಮಂಜಿನಲ್ಲಿ ಹೂತು ಸಾಗಿಸುವುದನ್ನು ಮುಂಬಯಿ ಕನ್ನಡಿಗರು ಕಂಡೇ ಇದ್ದಾರೆ.

ಮೀನಿಗೆ ಮಂಜು ಮೈಗೆ ತಾಗಿದಷ್ಟೂ ಒಳ್ಳೆಯದು. ಔಷಧಗಳ ವಿಷಯ ಹಾಗಲ್ಲ. ಮಧುಮೇಹಿಗಳು ಬಳಸುವ ಇನ್ಸುಲಿನ್ ಒಂದು ಪ್ರೋಟೀನು. ತೆರೆಯದ ಸೀಸೆಗೆ 2ರಿಂದ 8 ಡಿಗ್ರಿ ಸೆಲ್ಸಿಯಸ್ ತಂಪು ಬೇಕು. ಬಿಸಿಲಿಗೆ ಅದು ಕೆಡುವುದೆಂಬುದು ಎಲ್ಲರಿಗೂ ತಿಳಿದಿದೆ; ಹೆಪ್ಪುಗಟ್ಟಿದರೂ ಕೆಡುವುದೆಂಬುದು ಅನೇಕರಿಗೆ ತಿಳಿದಿಲ್ಲ. ಒಮ್ಮೆ ಹೆಪ್ಪುಗಟ್ಟಿದುದು ಕರಗಿದ ಮೇಲೆ ಮೊದಲಿನಂತೆಯೇ ಕಂಡರೂ ಅದರ ಗುಣ ನಂಬತಕ್ಕದ್ದಲ್ಲ. ಎಚ್ಚರಿಕೆಯೆಂದು ಭಾವಿಸಿ ಸೀಸೆಯನ್ನು ಮಂಜುಗಡ್ಡೆಯ ನಡುವೆ ಹುದುಗಿಸಿ ಊರಿಗೆ ಹೊರಡುವವರು ಅದನ್ನು ತಾವೇ ಕೆಡಿಸಿಕೊಳ್ಳುತ್ತಾರೆ.

ಈ ವಿಷಯದಲ್ಲಿ ಲಸಿಕೆ ಹಾಕುವ ಆರೋಗ್ಯ ಕಾರ್ಯಕರ್ತೆಯರೇ ಗುರುಗಳು. ಭಾರತದಲ್ಲಿ ಸಾರ್ವತ್ರಿಕ ಲಸಿಕಾ ಕಾರ್ಯಕ್ರಮವು 1985ರಲ್ಲಿ ಆರಂಭವಾಯಿತು. ಬಾಯಿಗೆ ಹನಿಸುವ ಪೋಲಿಯೊ ಲಸಿಕೆಗೆ ಶಾಖವೇ ಶತ್ರು. ಹೆಪಟೈಟಿಸ್-ಬಿ, ಧನುರ್ವಾಯು ಲಸಿಕೆಗಳಿಗೆ ಹೆಪ್ಪುಗಟ್ಟುವಿಕೆಯೂ ಶತ್ರು. ಆದುದರಿಂದ ಶೀತಪೆಟ್ಟಿಗೆಯಿಂದ ತೆಗೆದ ಮಂಜಿನ ಪೊಟ್ಟಣವನ್ನು ಅವರು ಕೂಡಲೇ ಲಸಿಕೆಯ ಜೊತೆ ಇಡುವುದಿಲ್ಲ. ಅದನ್ನು ಹೊರಗಿಟ್ಟು, ಕಿವಿಯ ಬಳಿ ಅಲುಗಿಸಿದಾಗ ಒಳಗೆ ನೀರು ಕುಲುಕುವ ಸದ್ದು ಕೇಳಿಸಿದ ಮೇಲೆಯೇ ಬಳಸುತ್ತಾರೆ. ಮಂಜೂ ನೀರೂ ಕೂಡಿರುವಾಗ ಪೊಟ್ಟಣದ ತಾಪ ಸೊನ್ನೆ ಡಿಗ್ರಿಗಿಂತ ಕೆಳಗಿಳಿಯದು.

ಊರಿಗೆ ಹೊರಡುವ ಮಧುಮೇಹಿಗಳೂ ಈ ಕ್ರಮವನ್ನೇ ಅನುಸರಿಸಬಹುದು. ಕುರ್ಲಾದಿಂದ ಮಧ್ಯಾಹ್ನ ಹೊರಡುವ ಮತ್ಸ್ಯಗಂಧಾ ಎಕ್ಸ್‌ಪ್ರೆಸ್ ಉಡುಪಿಯನ್ನು ಮುಟ್ಟುವುದು ಮರುದಿನ ಬೆಳಗ್ಗೆ. ಅಷ್ಟು ಹೊತ್ತಿಗೆ ಅಗಲಬಾಯಿಯ ಥರ್ಮಾಸ್ ಫ್ಲಾಸ್ಕು ಸಾಕು. ಸೀಸೆಯನ್ನು ಅದರ ರಟ್ಟಿನ ಡಬ್ಬಿಯ ಸಮೇತ ಒಣಬಟ್ಟೆಯಲ್ಲಿ ಸುತ್ತಿ, ನೀರಿನ ಸದ್ದು ಬರುವ ಪೊಟ್ಟಣಕ್ಕೆ ತಾಗದಂತೆ ಇರಿಸಬೇಕು. ವಿಮಾನದಲ್ಲಿ ಹೋಗುವವರು ಅದನ್ನು ಕೈಚೀಲದಲ್ಲಿಯೇ ಒಯ್ಯಬೇಕು; ಕೆಳಗಿನ ಸರಕುಕೋಣೆಯಲ್ಲಿ ಹೆಪ್ಪುಗಟ್ಟುವ ಭಯವುಂಟು. ಬಿಸಿಲಿನಲ್ಲಿ ನಿಲ್ಲಿಸಿದ ಕಾರಿನಲ್ಲಂತೂ ಬಿಡಲೇಬಾರದು.

ಊರಮನೆಯಲ್ಲಿ ಫ್ರಿಜ್ಜು ಇದ್ದರೆ ಫ್ರೀಜರನ್ನೂ ಅದಕ್ಕೆ ತಾಗಿದ ಜಾಗವನ್ನೂ ಬಿಟ್ಟು ಬೇರೆಡೆ ಇಡಬೇಕು. ಇಲ್ಲವಾದರೆ ಒದ್ದೆ ಮರಳು ತುಂಬಿದ ಮಣ್ಣಿನ ಮಡಕೆಯೊಳಗೆ ಇನ್ನೊಂದು ಪುಟ್ಟ ಮಡಕೆಯನ್ನಿಟ್ಟು, ನೀರು ತಾಗದಂತೆ ಸೀಸೆಯನ್ನು ಅದರಲ್ಲಿ ಇರಿಸಬಹುದು. ವಿಜಯಪುರ, ಕಲಬುರಗಿಗಳ ಒಣಹವೆಯಲ್ಲಿ ನೀರು ಬೇಗ ಆವಿಯಾಗುವುದರಿಂದ ಇದು ಚೆನ್ನಾಗಿ ತಂಪುಕೊಡುತ್ತದೆ. ಕರಾವಳಿಯ ತೇವದ ಹವೆಯಲ್ಲಿ ಅಷ್ಟು ಫಲವಿಲ್ಲ. ಬಳಸಲಾರಂಭಿಸಿದ ಸೀಸೆಯು 25–30 ಡಿಗ್ರಿ ಮೀರದ ಜಾಗದಲ್ಲಿ ಸಾಮಾನ್ಯವಾಗಿ ನಾಲ್ಕು ವಾರ ಬಾಳುತ್ತದೆ. ಜೊತೆಗಿರುವ ಸೂಚನಾಪತ್ರವನ್ನು ಓದಿ, ವೈದ್ಯರನ್ನು ಕೇಳಿ ನಡೆಯುವುದು ಕ್ಷೇಮ. ಸಂಶಯ ಬಂದ ಸೀಸೆಯನ್ನು ಎಸೆಯಲು ಹಿಂದೆಮುಂದೆ ನೋಡಬಾರದು.

ಟಸ್ಕನಿಯ ವರ್ತಕನಿಗೆ ಕರಗಿಹೋದ 80 ಟನ್ ಕಣ್ಣಿಗೆ ಕಾಣುವ ನಷ್ಟವಾಗಿತ್ತು. ಇನ್ಸುಲಿನ್ನಿನ ಸತ್ತ್ವ ಹೋದುದು ಸೀಸೆಯಲ್ಲಿ ಕಾಣಿಸದಿರಬಹುದು. ಅದು ಕಾಣಿಸುವುದು ರೋಗಿಯ ರಕ್ತದಲ್ಲಿ.