ಉರು ಹೊಡೆದದ್ದೆಲ್ಲ ಗಿಳಿಪಾಠವೇ?

ತಪ್ಪು ಕಲ್ಪನೆ: ಅರ್ಥವಾದರೆ ಸಾಕು, ಬಾಯಿಪಾಠ ಯಾಕೆ?

ಸತ್ಯ: ಯೋಚನೆಗೆ ಜಾಗ ಬೇಕು, ಆ ಜಾಗವೋ ತೀರಾ ಇಕ್ಕಟ್ಟು. ಮನಸ್ಸು ಒಮ್ಮೆಗೆ ಹಿಡಿದಿಟ್ಟುಕೊಳ್ಳಬಲ್ಲ ಸಂಗತಿಗಳು ಏಳರ ಆಸುಪಾಸು ಎಂದು ಮನೋವಿಜ್ಞಾನಿ ಜಾರ್ಜ್ ಮಿಲ್ಲರ್ 1956ರಲ್ಲಿ ಬರೆದರು. ಆಮೇಲೆ ಬಂದವರು ಅದನ್ನು ನಾಲ್ಕಕ್ಕೆ ಇಳಿಸಿದರು. ಮಧುಗಿರಿ ತಾಲ್ಲೂಕಿನ ಐ.ಡಿ.ಹಳ್ಳಿಯ ಮಗುವಿನ ಮುಂದೆ ಒಂದು ಲೆಕ್ಕವಿದೆ ಅನ್ನಿ: ಮೂಟೆಗೆ 36 ಕೆ.ಜಿ.ಯಂತೆ 27 ಮೂಟೆ ಕಡಲೆಕಾಯಿ ಎಷ್ಟಾಯಿತು? ‘ಏಳಾರ್ಲ ನಲವತ್ತೆರಡು’ ನಾಲಿಗೆಯ ಮೇಲಿದ್ದರೆ ಎರಡು ಬರೆದು, ಕೈಯಲ್ಲಿ ನಾಲ್ಕು ಹಿಡಿದು ಮುಂದಕ್ಕೆ ಹೋಗುತ್ತದೆ. ಇಲ್ಲದಿದ್ದರೆ ಬೆರಳು ಎಣಿಸಿ ಮುಗಿಸುವಷ್ಟರಲ್ಲಿ ಕೇಳಿದ ಲೆಕ್ಕವೇ ಮರೆತಿರುತ್ತದೆ. ಹಿಂದೆ ಕೂಲಿಮಠವೆಂಬ ಹಳ್ಳಿಶಾಲೆಗಳಲ್ಲಿ ಕಾಲು, ಅರೆ, ಮುಕ್ಕಾಲರ ಮಗ್ಗಿಯನ್ನೂ ಹೇಳಿಸುತ್ತಿದ್ದರು. ಅಲ್ಲಿನ ಬೆತ್ತ ಹೋದದ್ದು ಒಳ್ಳೆಯದೇ. ಅದರ ಜೊತೆಗೆ ಮಗ್ಗಿಯನ್ನೂ ಕೈಬಿಟ್ಟದ್ದು ದುಡುಕು.

ತಪ್ಪು ಕಲ್ಪನೆ: ಎಷ್ಟು ಸಲ ಓದಿದರೆ ಅಷ್ಟು ಗಟ್ಟಿ.

ಹೆಚ್ಚು ಹಾನಿ ಮಾಡುವ ನಂಬಿಕೆ ಇದೇ. ಎಸ್ಸೆಸ್ಸೆಲ್ಸಿ ಹತ್ತಿರವಾದಾಗ ‘ಪಾಸಿಂಗ್ ಪ್ಯಾಕೇಜ್’ (ಪಾಸಾಗಲು ಬೇಕಾದಷ್ಟನ್ನೇ ಕೊಡುವ ಕೈಪಿಡಿ) ಹಿಡಿದು ರಾತ್ರಿಯೆಲ್ಲ ಅದೇ ಪುಟ ಓದುವ ಮಕ್ಕಳನ್ನು ಕಂಡು ನಾವು ಸಮಾಧಾನ ಪಡುತ್ತೇವೆ. ಅಮೆರಿಕದ ಮನೋವಿಜ್ಞಾನಿಗಳಾದ ರೋಡಿಗರ್ ಮತ್ತು ಕಾರ್ಪಿಕಿ 2006ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ ಒಂದು ಗುಂಪು ಪಾಠವನ್ನು ನಾಲ್ಕು ಅವಧಿ ಓದಿತು. ಇನ್ನೊಂದು ಒಂದೇ ಅವಧಿ ಓದಿ, ಮಿಕ್ಕ ಮೂರರಲ್ಲಿ ಪಾಠ ನೋಡದೆ ನೆನಪಾದದ್ದನ್ನು ಬರೆಯಿತು. ಐದು ನಿಮಿಷದ ನಂತರ ಕೇಳಿದಾಗ ಓದಿದವರೇ ಮುಂದೆ: ಶೇ. 83, ಬರೆದವರು ಶೇ. 71. ವಾರ ಕಳೆಯಿತು, ಓದಿದವರು ಶೇ. 40ಕ್ಕೆ ಕುಸಿದರು, ಬರೆದವರಲ್ಲಿ ಶೇ. 61 ಉಳಿದಿತ್ತು. ಕಣ್ಣಿಗೆ ಪರಿಚಯವಾದದ್ದು ನೆನಪಿಗೆ ಬಂದೀತೆಂದಿಲ್ಲ. ಒಂದೇ ದಿನ ಉರು ಹೊಡೆಯುವುದಕ್ಕಿಂತ ದಿನಗಳ ಅಂತರ ಕೊಟ್ಟು ಹೊರಳಿ ನೋಡುವುದು ಮೇಲು ಎಂಬುದಂತೂ ಜರ್ಮನಿಯ ಎಬಿಂಗ್‌ಹೌಸ್ 1885ರಲ್ಲೇ ತನ್ನ ಮೇಲೇ ಪರೀಕ್ಷಿಸಿ ತೋರಿಸಿದ ಸಂಗತಿ.

ತಪ್ಪು ಕಲ್ಪನೆ: ಅಕ್ಷರ ಬಾರದ ಹಾಡುಗಾರರು ಟೇಪ್ ರೆಕಾರ್ಡರ್ ಇದ್ದಂತೆ.

ಶಿರಾ ಸೀಮೆಯ ಕಾಡುಗೊಲ್ಲರು ಗಣೆ ಎಂಬ ಕೊಳಲು ಊದಿ ತಮ್ಮ ದೈವ ಜುಂಜಪ್ಪನ ಕಥೆ ಹಾಡುತ್ತಾರೆ. ಚಳ್ಳಕೆರೆ ತಾಲ್ಲೂಕಿನ ಸಿರಿಯಜ್ಜಿ ಓದು ಬರಹ ಇಲ್ಲದೆಯೇ ಸಾವಿರಾರು ಪದ ಬಲ್ಲವರಾಗಿದ್ದರು. ಅವರಿಂದ ಕೃಷ್ಣಮೂರ್ತಿ ಹನೂರು ಹಾಡುಗಳನ್ನು ಸಂಗ್ರಹಿಸಿದರು. ಇಂಥವರದು ಬರೀ ಒಪ್ಪಿಸುವ ಕೆಲಸವೇ? 1930ರ ದಶಕದಲ್ಲಿ ಯುಗೊಸ್ಲಾವಿಯಾದ ಕಥನ ಹಾಡುಗಾರರನ್ನು ಧ್ವನಿಮುದ್ರಿಸಿಕೊಂಡ ವಿದ್ವಾಂಸರಾದ ಮಿಲ್ಮನ್ ಪ್ಯಾರಿ ಮತ್ತು ಆಲ್ಬರ್ಟ್ ಲಾರ್ಡ್‌ಗೆ ಕಂಡದ್ದು ಬೇರೆಯೇ. ಕೇಳಿ ಕೇಳಿ ಬಾಯಿಗೆ ಬಂದ ಸಿದ್ಧ ನುಡಿಗಟ್ಟುಗಳನ್ನು ಜೋಡಿಸುತ್ತ ಹಾಡುಗಾರ ಪ್ರತಿ ಸಲವೂ ಕಥೆಯನ್ನು ಹೊಸದಾಗಿ ಕಟ್ಟುತ್ತಾನೆ. ಎರಡು ಸಲ ಹಾಡಿದ್ದು ಅಕ್ಷರಶಃ ಒಂದೇ ಇರುವುದಿಲ್ಲ. ಬಾಯಿಪಾಠ ಅವನಿಗೆ ಬಂಡವಾಳ.

ಹಾಗಾದರೆ ಗಿಳಿಪಾಠ ಎಂಬುದೇ ಇಲ್ಲವೇ? ಧಾರಾಳವಾಗಿ ಇದೆ. ಆಂಧ್ರದ ಗಡಿಗೆ ಅಂಟಿದ ಮಧುಗಿರಿ, ಪಾವಗಡದ ಹಳ್ಳಿಗಳಲ್ಲಿ ಮನೆಯಲ್ಲಿ ತೆಲುಗು, ಶಾಲೆಯಲ್ಲಿ ಕನ್ನಡ ಎನ್ನುವ ಮಕ್ಕಳಿದ್ದಾರೆ. ಅಂಥ ಮಗು ಕನ್ನಡದ ಪಾಠವನ್ನು ಒಂದಕ್ಷರ ತಪ್ಪದೆ ಒಪ್ಪಿಸಿದರೂ ಅದರಲ್ಲಿ ಏನೂ ಅರ್ಥವಾಗಿರದೆ ಇರಬಹುದು. ಕಂಡುಹಿಡಿಯಲು ಪರೀಕ್ಷೆ ಬೇಕಿಲ್ಲ. ಪುಸ್ತಕ ಮುಚ್ಚಿಸಿ, ಅದನ್ನೇ ಮನೆಯ ತೆಲುಗಿನಲ್ಲಿ ಅಜ್ಜಿಗೆ ಹೇಳು ಅಂದರೆ ಆಯಿತು.