ತಲಬನ್ನೂ ಲಿಂಗಕ್ಕೆ ಅರ್ಪಿಸಿರಿ

ತಂತ್ರ ಎಂದೊಡನೆ ನಮ್ಮ ಜನರಿಗೆ ಮಾಟ, ಮದ್ದು, ಕೊಯ್ದ ನಿಂಬೆಹಣ್ಣು ನೆನಪಾಗುತ್ತವೆ. ಶಾಸ್ತ್ರದ ಮಾತು ಬೇರೆ. ಆಗಮಗಳಿಗೇ ತಂತ್ರವೆಂಬ ಇನ್ನೊಂದು ಹೆಸರುಂಟು. ಕಾಮಿಕದಿಂದ ವಾತುಲದವರೆಗಿನ 28 ಶೈವಾಗಮಗಳ ಉತ್ತರಭಾಗದಲ್ಲಿ ವೀರಶೈವ ಮತವು ನಿರೂಪಿತವಾಗಿದೆಯೆಂದು ಸಿದ್ಧಾಂತ ಶಿಖಾಮಣಿ ಸಾರುತ್ತದೆ. ಈ ಮಾರ್ಗವು ಇಂದ್ರಿಯಗಳನ್ನು ಕೊಲ್ಲೆನ್ನದೆ, ಲಿಂಗದ ಕಡೆಗೆ ತಿರುಗಿಸೆನ್ನುತ್ತದೆ. ಮೂಗಿಗೆ ಆಚಾರಲಿಂಗ, ನಾಲಿಗೆಗೆ ಗುರುಲಿಂಗ, ಕಣ್ಣಿಗೆ ಶಿವಲಿಂಗ, ಚರ್ಮಕ್ಕೆ ಜಂಗಮಲಿಂಗ, ಕಿವಿಗೆ ಪ್ರಸಾದಲಿಂಗ, ಹೃದಯಕ್ಕೆ ಮಹಾಲಿಂಗ. ಲಿಂಗಕ್ಕೆ ಅರ್ಪಿಸಿ ಪಡೆದದ್ದು ಪ್ರಸಾದ. ಅರ್ಪಿಸದೆ ನುಂಗಿದ್ದು ಬರೀ ಭೋಗ.

ಒಮ್ಮೆ ಮಠಕ್ಕೆ ಬಂದ ಹಿರಿಯ ಭಕ್ತರೊಬ್ಬರು, "ಅಪ್ಪಾರ, ಕುಡಿಯೂದು ಬಿಡತೀನಂತ ಹತ್ತು ಸಲ ಆಣಿ ಮಾಡೀನ್ರಿ, ಹತ್ತೂ ಸಲ ಮುರದೀನಿ" ಎಂದು ತಲೆ ತಗ್ಗಿಸಿದರು. "ಯಾವ ಹೊತ್ತಿಗೆ ಬೇಕೆನಿಸುತ್ತದೆ?" ಎಂದು ಕೇಳಿದೆವು. ಬಹಳ ಹೊತ್ತು ಸುಮ್ಮನಿದ್ದು, "ಸಂಜೀ ಮುಂದ್ರಿ, ಮಗ ಹೊಲದಿಂದ ಬರೂ ಹೊತ್ತಿಗೆ" ಎಂದರು. ಆ ಮಗ ತೀರಿ ನಾಲ್ಕು ವರುಷವಾಗಿತ್ತು. ಅಳು ಬಾರದಿರಲೆಂದು ತಂದೆ ಕುಡಿಯುತ್ತಿದ್ದರು.

ನಾವು ಅವರಿಗೆ ಹೇಳಿದ್ದಿಷ್ಟು: ಆ ಹೊತ್ತಿಗೆ ಎಲ್ಲಿಗೂ ಓಡಬೇಡಿ. ಕೈಕಾಲು ತೊಳೆದು, ವಿಭೂತಿ ಧರಿಸಿ, ಎಡ ಅಂಗೈಯಲ್ಲಿ ಇಷ್ಟಲಿಂಗವನ್ನಿರಿಸಿ ದೃಷ್ಟಿ ನೆಡಿರಿ. ತಲಬು ಬಂದರೆ ಬರಲಿ. ಬಾಯಿ ಒಣಗುವುದು, ಎದೆ ಬಿಗಿಯುವುದು, ಕೈ ಚಡಪಡಿಸುವುದು, ಎಲ್ಲವನ್ನೂ ಇದ್ದಂತೆಯೇ ನೋಡಿರಿ. ಉಸಿರುಸಿರಿಗೂ ಪಂಚಾಕ್ಷರಿ ಜಪಿಸುತ್ತ ಅದನ್ನೇ ಲಿಂಗಕ್ಕೆ ಅರ್ಪಿಸಿರಿ. ಅಳು ಬಂದರೆ ಅದೂ ಅರ್ಪಿತವೇ. ಮಳೆಗೆ ತುಂಬಿ ಬಂದ ಹಳ್ಳ ಇಳಿಯುವಂತೆ ತಲಬೂ ಸ್ವಲ್ಪ ಹೊತ್ತಿಗೆ ತಾನಾಗಿ ಇಳಿಯುತ್ತದೆ.

ಆಮೇಲೂ ಅವರು ಎರಡು ಸಲ ಜಾರಿದರು. ಮುಚ್ಚಿಡದೆ ಬಂದು ಹೇಳಿದರು, ಮತ್ತೆ ಕುಳಿತರು. ನಾಲ್ಕು ವರುಷ ಯಾರೂ ಎತ್ತದಿದ್ದ ಮಗನ ಹೆಸರನ್ನು ಮನೆಯಲ್ಲಿ ಮೊದಲು ಎತ್ತಿದವರೂ ಅವರೇ.

ಒಂದು ಎಚ್ಚರಿಕೆ. ಹಲವು ವರುಷ ದಿನನಿತ್ಯ ವಿಪರೀತ ಕುಡಿದವರು ಒಮ್ಮೆಲೇ ಬಿಟ್ಟರೆ ನಡುಕ, ಫಿಟ್ಸ್ ಬರಬಹುದು, ಪ್ರಾಣಕ್ಕೂ ಅಪಾಯವುಂಟು. ವೈದ್ಯರನ್ನು ಕಂಡೇ ಬಿಡಬೇಕು. ಔಷಧವು ಭಕ್ತಿಗೆ ವಿರೋಧಿಯಲ್ಲ.

2018ರಲ್ಲಿ ಲಿಂಗೈಕ್ಯರಾದ ಇಳಕಲ್ಲಿನ ಮಹಾಂತ ಶಿವಯೋಗಿಗಳು 1975ರಿಂದ ಜೋಳಿಗೆ ಹಿಡಿದು ಊರೂರು ತಿರುಗಿ ಜನರ ದುಶ್ಚಟಗಳನ್ನೇ ಭಿಕ್ಷೆಯಾಗಿ ಬೇಡಿದರು. ಅವರ ಜನ್ಮದಿನವಾದ ಆಗಸ್ಟ್ 1 ನಮ್ಮ ರಾಜ್ಯದಲ್ಲಿ ವ್ಯಸನಮುಕ್ತ ದಿನವಾಗಿದೆ. ಚಟವನ್ನು ಜೋಳಿಗೆಗೆ ಹಾಕುವುದೂ ಅರ್ಪಣವೇ. ಅದರ ಹಿಂದೆ ಅಡಗಿದ ನೋವನ್ನೂ ಅರ್ಪಿಸಿದಾಗಲೇ ಆ ಅರ್ಪಣ ಪೂರ್ಣವಾಗುತ್ತದೆ.

ಮನೆಯ ಹಿರಿಯರೇ, ಚಟಕ್ಕೆ ಬಿದ್ದವನನ್ನು ಬೈಯುವ ಮೊದಲು "ಯಾವ ಹೊತ್ತಿಗೆ ಬೇಕೆನಿಸುತ್ತದೆ?" ಎಂದು ಕೇಳಿರಿ. ಉತ್ತರ ಬರುವವರೆಗೆ ಅವನ ಬಳಿ ಕುಳಿತಿರಿ. ಪರಶಿವನು ನಿಮಗೆ ಆ ತಾಳ್ಮೆಯನ್ನು ಕರುಣಿಸಲಿ.