ಪರಿಸರದ ಎಂ.ಎಸ್ಸಿ.: ನಂಬಿದ್ದೊಂದು, ಇರುವುದೊಂದು

ಪದವಿಯ ಫಲಿತಾಂಶ ಬಂದ ವಾರ ಉಡುಪಿ, ಕಾಪು, ಕಾರ್ಕಳದ ಮನೆಗಳಲ್ಲಿ 'ಬಿ.ಎಸ್ಸಿ. ಆಯ್ತು, ಮುಂದೇನು?' ಎಂಬ ಪ್ರಶ್ನೆ ಏಳುತ್ತದೆ. ನೈಸರ್ಗಿಕ ಸಂಪನ್ಮೂಲ ನಿರ್ವಹಣೆ ಎಂದರೆ ಹಿರಿಯರು ಹುಬ್ಬೇರಿಸುತ್ತಾರೆ. ಹುಬ್ಬೇರಿಸದವರೂ ಅದನ್ನು ಸರಿಯಾಗಿ ತಿಳಿದುಕೊಂಡಿರುತ್ತಾರೆ ಎನ್ನುವಂತಿಲ್ಲ.

ಕಲ್ಪನೆ: ಕಾಡು, ಹಕ್ಕಿ ಎಂದರೆ ಪ್ರೀತಿ ಇದ್ದರೆ ಸಾಕು.

ಪ್ರೀತಿ ಇರಲಿ, ಬೇಡ ಎನ್ನುವವರಾರು? ಆದರೆ ಈ ಓದಿನ ತಿರುಳು ಹಂಚಿಕೆ. ಇರುವ ನೀರು, ಮೀನು, ಮರಳು, ಕಾಡು ಯಾರಿಗೆ, ಎಷ್ಟು, ಎಷ್ಟು ಕಾಲ ಎಂಬ ಲೆಕ್ಕ. ಸ್ವರ್ಣಾ ನದಿಯನ್ನೇ ನೋಡಿ. ಘಟ್ಟದಿಂದಿಳಿದು ಕಾರ್ಕಳ ತಾಲೂಕನ್ನು ಹಾದು ಬರುವ ಈ ಹೊಳೆಗೆ ಹಿರಿಯಡ್ಕ ಸಮೀಪದ ಬಜೆಯಲ್ಲಿ ಅಣೆಕಟ್ಟು ಇದೆ. ಉಡುಪಿ, ಮಣಿಪಾಲದ ನಲ್ಲಿಗಳಿಗೆ ಅಲ್ಲಿಂದ ನೀರು ಹೋಗುತ್ತದೆ. ಜಿಲ್ಲೆಯಲ್ಲಿ ವರ್ಷಕ್ಕೆ 4,000 ಮಿ.ಮೀ. ಆಸುಪಾಸು ಮಳೆ ಬೀಳುತ್ತದೆ, ಅದರಲ್ಲಿ ಬಹುಪಾಲು ಜೂನ್‌ನಿಂದ ಸೆಪ್ಟೆಂಬರ್ ಒಳಗೆ. ಮುರಕಲ್ಲಿನ ನೆಲ ನೀರನ್ನು ಬೇಗ ಕುಡಿಯುತ್ತದೆ, ಅಷ್ಟೇ ಬೇಗ ಬಿಟ್ಟುಕೊಡುತ್ತದೆ. ಜುಲೈಯಲ್ಲಿ ಕೈಗೆಟಕುವ ಬಾವಿಗೆ ಏಪ್ರಿಲ್‌ನಲ್ಲಿ ಹಗ್ಗ ಸಾಲದು. 2017, 2019ರ ಬೇಸಿಗೆಗಳಲ್ಲಿ ಬಜೆಯಲ್ಲಿ ನೀರು ತಳ ಕಂಡಾಗ ಹೊಳೆಯ ಗುಂಡಿಗಳಲ್ಲಿ ನಿಂತಿದ್ದ ನೀರನ್ನು ಪಂಪ್ ಹಾಕಿ ಅಣೆಕಟ್ಟಿನ ಕಡೆಗೆ ಹಾಯಿಸಬೇಕಾಯಿತು. ಪೇಟೆಯಲ್ಲಿ ಸರದಿ ಮೇಲೆ ನೀರು, ಹೋಟೆಲು ಹಾಸ್ಟೆಲುಗಳ ಮುಂದೆ ಟ್ಯಾಂಕರು. ಹೊಳೆಬದಿಯ ಅಡಿಕೆ ತೋಟದವರಿಗೂ ಅದೇ ನೀರು ಬೇಕಲ್ಲ? ಅವರ ಪಂಪಿಗೆ ಎಷ್ಟು ಗಂಟೆ ಬಿಡಬೇಕು ಎಂದು ನಿರ್ಧರಿಸಲು ಹರಿವಿನ ಅಳತೆಯೂ ಬೇಕು, ಕಾನೂನೂ ಬೇಕು, ತೋಟದವರ ಜೊತೆ ಕೂತು ಮಾತಾಡುವ ತಾಳ್ಮೆಯೂ ಬೇಕು. ಹಾಗಾಗಿ ಪಠ್ಯದಲ್ಲಿ ಜಲವಿಜ್ಞಾನ, ಸಂಖ್ಯಾಶಾಸ್ತ್ರ, ಅರ್ಥಶಾಸ್ತ್ರ ಇರುತ್ತವೆ. ಬೈನಾಕ್ಯುಲರ್ ಹಿಡಿದು ಬಂದವರಿಗೆ ಮೊದಲ ಸೆಮಿಸ್ಟರ್ ಸಪ್ಪೆ ಅನಿಸುವುದು ಇದಕ್ಕೇ.

ಕಲ್ಪನೆ: 'ನೈಸರ್ಗಿಕ ಸಂಪನ್ಮೂಲ ನಿರ್ವಹಣೆ' ಎಂಬ ಹೆಸರಿನದೇ ಪದವಿ ಬೇಕು, ಮಣಿಪಾಲದಲ್ಲಿ ಸಿಗದಿದ್ದರೆ ವಿದೇಶವೇ ಗತಿ.

ಹೆಸರಿಗೆ ಜೋತು ಬೀಳಬೇಡಿ. ಸುರತ್ಕಲ್ ಎನ್‌ಐಟಿಕೆಯಲ್ಲಿ ಜಲಸಂಪನ್ಮೂಲ ಎಂಜಿನಿಯರಿಂಗ್ ಇದೆ. ಕೊಣಾಜೆಯ ಮಂಗಳೂರು ವಿಶ್ವವಿದ್ಯಾನಿಲಯದಲ್ಲಿ ಸಾಗರ ಭೂವಿಜ್ಞಾನ ಇದೆ. ಮಂಗಳೂರಿನ ಮೀನುಗಾರಿಕಾ ಕಾಲೇಜು 1969ರಿಂದ ನಡೆಯುತ್ತಿದೆ. ಘಟ್ಟ ಹತ್ತಿದರೆ ಶಿರಸಿ, ಪೊನ್ನಂಪೇಟೆಯ ಅರಣ್ಯ ಕಾಲೇಜುಗಳು, ಶಂಕರಘಟ್ಟದ ಕುವೆಂಪು ವಿಶ್ವವಿದ್ಯಾನಿಲಯದ ಪರಿಸರ ವಿಜ್ಞಾನ, ಬೆಂಗಳೂರಿನ ಎನ್‌ಸಿಬಿಎಸ್‌ನಲ್ಲಿ ವನ್ಯಜೀವಿ ಎಂ.ಎಸ್ಸಿ. ಒಂದೊಂದಕ್ಕೂ ಬಾಗಿಲು ಬೇರೆ: ಎಂಜಿನಿಯರಿಂಗ್‌ಗೆ ಗೇಟ್ (2021ರಿಂದ ಅದರಲ್ಲಿ ಪರಿಸರ ವಿಜ್ಞಾನ ಮತ್ತು ಎಂಜಿನಿಯರಿಂಗ್ ಎಂಬ ಪ್ರತ್ಯೇಕ ಪತ್ರಿಕೆಯೂ ಇದೆ), ಮೀನುಗಾರಿಕೆ, ಅರಣ್ಯಶಾಸ್ತ್ರದ ರಾಷ್ಟ್ರಮಟ್ಟದ ಸೀಟುಗಳಿಗೆ ಐಸಿಎಆರ್ ಪರೀಕ್ಷೆ. ಸೇರುವ ಮುನ್ನ ವಿಭಾಗದವರಲ್ಲಿ ಎರಡು ಪ್ರಶ್ನೆ ಕೇಳಿ: ಕ್ಷೇತ್ರಕಾರ್ಯ ಎಷ್ಟು ದಿನ? ಕಳೆದ ತಂಡದವರ ಪ್ರಬಂಧಗಳು ಯಾವ ವಿಷಯದ ಮೇಲೆ? ಉತ್ತರ ತಡವರಿಸಿದರೆ ಕಟ್ಟಡ ಎಷ್ಟು ಚೆಂದವಿದ್ದರೂ ನಾನಾದರೆ ಮುಂದಿನ ಕಾಲೇಜು ನೋಡುತ್ತೇನೆ.

ಕಲ್ಪನೆ: ಪರಿಸರ ವಿಜ್ಞಾನದ ಎಂ.ಎಸ್ಸಿ. ಮಾಡಿದರೆ ಅರಣ್ಯಾಧಿಕಾರಿ ಆಗಬಹುದು.

ಕುದುರೆಮುಖ ವನ್ಯಜೀವಿ ವಿಭಾಗದ ಕಚೇರಿ ಕಾರ್ಕಳದಲ್ಲೇ ಇರುವುದರಿಂದ ಅರಣ್ಯಾಧಿಕಾರಿಯ ಜೀಪಿನ ಆಸೆ ಇಲ್ಲಿನ ಹುಡುಗರಿಗೆ ಸಹಜ. ಆದರೆ ಯುಪಿಎಸ್‌ಸಿಯ ಭಾರತೀಯ ಅರಣ್ಯ ಸೇವೆಯ ಪರೀಕ್ಷೆ ಕೇಳುವುದು ನಿಮ್ಮ ಮೊದಲ ಪದವಿಯ ವಿಷಯ. ಸಸ್ಯಶಾಸ್ತ್ರ, ಪ್ರಾಣಿಶಾಸ್ತ್ರ, ರಸಾಯನಶಾಸ್ತ್ರ, ಭೌತಶಾಸ್ತ್ರ, ಗಣಿತ, ಸಂಖ್ಯಾಶಾಸ್ತ್ರ, ಭೂವಿಜ್ಞಾನ, ಪಶುವೈದ್ಯ, ಇಲ್ಲವೇ ಕೃಷಿ, ಅರಣ್ಯಶಾಸ್ತ್ರ, ಎಂಜಿನಿಯರಿಂಗ್. ಪರಿಸರ ವಿಜ್ಞಾನ ಆ ಪಟ್ಟಿಯಲ್ಲಿಲ್ಲ.

ಕಲ್ಪನೆ: ಕಂಪನಿ ಸೇರಿದರೆ ಪರಿಸರಕ್ಕೆ ದ್ರೋಹ, ಹೋರಾಟಕ್ಕಿಳಿದರೆ ಹೊಟ್ಟೆಗಿಲ್ಲ.

ಕಾಪು ತಾಲೂಕಿನ ಎಲ್ಲೂರಿನಲ್ಲಿ 1,200 ಮೆಗಾವಾಟ್‌ನ ಉಷ್ಣವಿದ್ಯುತ್ ಸ್ಥಾವರವಿದೆ. ಹಾರುಬೂದಿ, ಬೆಳೆನಷ್ಟದ ದೂರು ಊರವರದು. ಪ್ರಕರಣ ರಾಷ್ಟ್ರೀಯ ಹಸಿರು ನ್ಯಾಯಮಂಡಳಿಗೆ ಹೋಗಿ, 2022ರಲ್ಲಿ ಸುಮಾರು 52 ಕೋಟಿ ರೂಪಾಯಿ ಪರಿಹಾರದ ಆದೇಶ ಬಂತು. ಅಂಥ ಮೊತ್ತ ಘೋಷಣೆ ಕೂಗಿದರೆ ಬರುವುದಿಲ್ಲ. ಮಣ್ಣು, ಬಾವಿ ನೀರು, ಇಳುವರಿ ಅಳೆದು ಹಣಕ್ಕೆ ತಿರುಗಿಸುವವರು ಬೇಕು, ಮತ್ತು ಅವರು ಎರಡೂ ಪಕ್ಷದಲ್ಲಿ ಬೇಕು. ಯೋಜನೆಗಳ ಪರಿಸರ ಪರಿಣಾಮ ವರದಿಯನ್ನು ಮಾನ್ಯತೆ ಪಡೆದ ಸಂಸ್ಥೆಗಳೇ ಬರೆಯಬೇಕು. ನೀರು, ಗಾಳಿ, ಜೀವವೈವಿಧ್ಯ ಎಂದು ಒಂದೊಂದಕ್ಕೂ ಒಬ್ಬ ತಜ್ಞ. ಸಾರ್ವಜನಿಕ ಅಹವಾಲು ಸಭೆಗೆ ಮುನ್ನ ಆ ವರದಿಯ ಸಾರಾಂಶ ಸ್ಥಳೀಯ ಭಾಷೆಯಲ್ಲೂ ಸಿಗಬೇಕೆಂಬುದು 2006ರ ಪರಿಸರ ಪರಿಣಾಮ ಅಧಿಸೂಚನೆಯ ನಿಯಮ. ಓದಿದರೆ ಅರ್ಥವಾಗುವ ಕನ್ನಡದಲ್ಲಿ ಅದನ್ನು ಬರೆಯಬಲ್ಲವರಿಗೆ ಕೆಲಸದ ಕೊರತೆ ಆಗಲಾರದು. ಇನ್ನು ಕಸ: ಕಾರ್ಕಳ ತಾಲೂಕಿನ ನಿಟ್ಟೆಯಲ್ಲಿ ಹಲವು ಗ್ರಾಮ ಪಂಚಾಯತ್‌ಗಳ ಒಣಕಸ ವಿಂಗಡಿಸುವ ಎಂಆರ್‌ಎಫ್ ಘಟಕವಿದೆ. ಅದೂ ಸಂಪನ್ಮೂಲ ನಿರ್ವಹಣೆಯೇ, ವಾಸನೆ ಸ್ವಲ್ಪ ಜಾಸ್ತಿ ಅಷ್ಟೆ.

ಕಲ್ಪನೆ: ಜಿಐಎಸ್ ಕಲಿತರೆ ಉಳಿದದ್ದೆಲ್ಲ ಕಂಪ್ಯೂಟರೇ ನೋಡಿಕೊಳ್ಳುತ್ತದೆ.

ಜಿಐಎಸ್ ಎಂಬ ಡಿಜಿಟಲ್ ನಕ್ಷೆಯ ವಿದ್ಯೆ ಕಲಿಯಲೇಬೇಕು. ಆದರೆ ಆಗಸ್ಟ್‌ನ ಉಪಗ್ರಹ ಚಿತ್ರದಲ್ಲಿ ಬೈಲು, ಮಜಲು, ಬೆಟ್ಟು ಎಂಬ ಮೂರು ಬಗೆಯ ಗದ್ದೆಗಳೂ ಹಸಿರೇ. ಬೆಟ್ಟುಗದ್ದೆ ಮಳೆ ನಂಬಿದ ಒಂದೇ ಬೆಳೆಯದು, ಬೈಲಿನಲ್ಲಿ ಮಳೆಗಾಲದ ನಂತರವೂ ನೀರಿರುತ್ತದೆ ಎಂಬುದು ಗದ್ದೆ ಅಂಚಿನಲ್ಲಿ ನಿಂತವರಿಗೆ ಗೊತ್ತು. ಗುಳ್ಳ ಬದನೆಗೆ ಹೆಸರಾದ ಮಟ್ಟುವಿನಂಥ ಕಡಲಬದಿಯ ಊರಿನಲ್ಲಿ ಬಾವಿಗೆ ಉಪ್ಪುನೀರು ನುಗ್ಗಿದೆಯೇ ಎಂದು ತಿಳಿಯಲು ನೀರು ಸೇದಿ, ವಿದ್ಯುತ್ ವಾಹಕತೆ ಅಳೆಯುವ ಇ.ಸಿ. ಮೀಟರಿನ ಕಡ್ಡಿ ಅದ್ದಿ, ಅಂಕಿ ನಿಲ್ಲುವವರೆಗೆ ಕಾದು ಬರೆದುಕೊಳ್ಳಬೇಕು. ಅದೇ ಬಾವಿಯಲ್ಲಿ ಮಳೆಗೆ ಮೊದಲೊಮ್ಮೆ, ಮಳೆ ಮುಗಿದ ಮೇಲೊಮ್ಮೆ. ಮನೆಯ ಅಮ್ಮ 'ಶಿವರಾತ್ರಿ ಕಳೆದ ಮೇಲೆ ಈ ನೀರಿನಲ್ಲಿ ಬೇಳೆ ಬೇಯುವುದಿಲ್ಲ' ಎಂದರೆ ಅದನ್ನೂ ಬರೆದುಕೊಳ್ಳಿ.

ಕಲ್ಪನೆ: ಓದು ಮುಗಿದ ಕೂಡಲೇ ಕೈತುಂಬ ಸಂಬಳ.

ಇಲ್ಲ. ಮೊದಲ ಕೆಲವು ವರ್ಷ ಸಿಗುವುದು ಹೆಚ್ಚಾಗಿ ಪ್ರಾಜೆಕ್ಟ್ ಕೆಲಸ. ಪ್ರಾಜೆಕ್ಟ್ ಮುಗಿದರೆ ಕೆಲಸವೂ ಮುಗಿಯಿತು. ಸಂಶೋಧನೆಗೆ ಹೋಗುವವರು ಎನ್‌ಇಟಿಯಲ್ಲಿ ಜೆಆರ್‌ಎಫ್ ಪಡೆದರೆ 2023ರಿಂದ ತಿಂಗಳಿಗೆ 37,000 ರೂಪಾಯಿ, ಮನೆಬಾಡಿಗೆ ಭತ್ಯೆ ಬೇರೆ. ಮನೆಸಾಲದ ಕಂತು ಹೆಗಲ ಮೇಲಿದ್ದರೆ ಈ ಲೆಕ್ಕವನ್ನು ಅರ್ಜಿ ಹಾಕುವ ಮೊದಲೇ ಮನೆಯವರ ಮುಂದೆ ಇಡುವುದು ಒಳ್ಳೆಯದು.